ಲಿಟ್ಲ್ ರಾಕ್ ನಗರದ ಮೊಸಾಯಿಕ್ ಟೆಂಪ್ಲರರ ಮಂದಿರ

ಹಳೆಯ ಕಟ್ಟಡವೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದರ ವಯಸ್ಸನ್ನೂ ಶಿಲ್ಪಸೌಂದರ್ಯವನ್ನೂ ಮಾತ್ರ ಪರಿಗಣಿಸುವುದು ವಾಡಿಕೆ. ಈ ಎರಡು ಅಳತೆಗಳಿಗೂ ನಿಲುಕದಿದ್ದರೂ ಚರಿತ್ರಕಾರನು ಅಲಕ್ಷ್ಯಮಾಡಲಾಗದ ಕಟ್ಟಡಗಳುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಆರ್ಕನ್ಸಾ ಸಂಸ್ಥಾನದ ರಾಜಧಾನಿ ಲಿಟ್ಲ್ ರಾಕ್ ನಗರದಲ್ಲಿ, ಪಶ್ಚಿಮದ ಒಂಬತ್ತನೆಯ ಬೀದಿಯೂ ಬ್ರಾಡ್‌ವೇ ಬೀದಿಯೂ ಕೂಡುವೆಡೆಯಲ್ಲಿ, 1913ರಲ್ಲಿ ಪೂರ್ತಿಯಾದ ಮೊಸಾಯಿಕ್ ಟೆಂಪ್ಲರರ ಮಹಾಮಂದಿರವು ಇಂತಹುದು. ಆ ಮಂದಿರವು 2005ರಲ್ಲಿ ಅಗ್ನಿಗೆ ಆಹುತಿಯಾಯಿತು. ಅದೇ ನಿವೇಶನದಲ್ಲಿ ಅದರ ಹೊರರೂಪವನ್ನು ಅನುಸರಿಸಿ ಕಟ್ಟಿದ ಮತ್ತೊಂದು ಕಟ್ಟಡವು ಈಗ ನಿಂತಿದೆ. ಹಾಗಾದರೆ ಹಳೆಯದರ ಗೌರವವು ಹೊಸದಕ್ಕೆ ಸಲ್ಲುವುದೆ? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಈ ಭ್ರಾತೃಸಂಘವು 1882ರಲ್ಲಿ ಹುಟ್ಟಿ, 1883ರಲ್ಲಿ ಕಾಯಿದೆಯ ಮೇರೆಗೆ ನೊಂದಾಯಿಸಲ್ಪಟ್ಟಿತು. ಸ್ಥಾಪಕರಾದ ಜಾನ್ ಇ. ಬುಷ್ ಮತ್ತು ಚೆಸ್ಟರ್ ಡಬ್ಲ್ಯು. ಕೀಟ್ಸ್ ಎಂಬಿಬ್ಬರೂ ದಾಸ್ಯದಲ್ಲಿ ಜನಿಸಿ, ಬಿಡುಗಡೆಯ ತರುವಾಯ ಅಂಚೆಯ ಉದ್ಯೋಗದಲ್ಲಿ ಮೇಲೆ ಬಂದವರು. ಐಗುಪ್ತದ ಸೆರೆಯಿಂದ ಇಸ್ರಾಯೇಲ್ಯರನ್ನು ಹೊರತಂದ ಮೋಶೆಯ ಹೆಸರನ್ನು ಸಂಘಕ್ಕೆ ಇಟ್ಟುದರಲ್ಲಿಯೇ ಅವರ ಅಭಿಪ್ರಾಯವು ವ್ಯಕ್ತವಾಗುತ್ತದೆ. ಅಂದು ವಿಮೆಯ ಕಂಪೆನಿಗಳಲ್ಲಿ ಹಲವು ನೀಗ್ರೋ ಜನರಿಗೆ ವಿಮೆಯನ್ನೇ ಕೊಡುತ್ತಿರಲಿಲ್ಲ. ಕೊಟ್ಟವೂ ಸಮಾನವಾದ ಕಂತಿಗೆ ಕಡಮೆಯ ಹಣವನ್ನು ಕೊಡುತ್ತಿದ್ದುವು. ಮನೆಯಲ್ಲಿ ಸಾವು ಸಂಭವಿಸಿದರೆ ಹೆಣದ ಸಂಸ್ಕಾರಕ್ಕೂ ಪರರಲ್ಲಿ ಕೈಯೊಡ್ಡಬೇಕಾಗಿತ್ತು. ಈ ಅಪಮಾನವನ್ನು ನೀಗುವುದೇ ಸಂಘದ ಮೊದಲ ಕೆಲಸವಾಯಿತು. ಸದಸ್ಯರು ಸಲ್ಲಿಸುವ ಅಲ್ಪ ವಂತಿಗೆಯಿಂದ ಸಂಸ್ಕಾರದ ವೆಚ್ಚವೂ ಉಳಿದವರಿಗೆ ವಿಮೆಯ ಹಣವೂ ದೊರೆಯುತ್ತಿದ್ದುವು. ಅಷ್ಟೇ ಅಲ್ಲದೆ, ಮೃತರ ಸಮಾಧಿಯ ಮೇಲೆ ನಿಲ್ಲಿಸಲು ಸಂಘದ ಚಿಹ್ನೆಯುಳ್ಳ ಅಮೃತಶಿಲೆಯ ಫಲಕವನ್ನೂ ಒದಗಿಸುತ್ತಿದ್ದರು. ಬರಬರುತ್ತ ಸಂಘದ ಶಾಖೆಗಳು ಇಪ್ಪತ್ತಕ್ಕೂ ಹೆಚ್ಚು ಸಂಸ್ಥಾನಗಳಲ್ಲಿಯೂ ಕೆಲವು ಪರದೇಶಗಳಲ್ಲಿಯೂ ಹರಡಿದುವು.

ಇಂತಹ ಸಂಘದ ಕೇಂದ್ರಸ್ಥಾನವೇ ಮೇಲೆ ಹೇಳಿದ ಮಂದಿರ. 1913ರ ಅಕ್ಟೋಬರಿನಲ್ಲಿ ಇದರ ಪ್ರತಿಷ್ಠಾಪನೋತ್ಸವಕ್ಕೆ ಬಂದು ಭಾಷಣಮಾಡಿದವರು ಟಸ್ಕೀಗಿ ವಿದ್ಯಾಲಯದ ಬುಕರ್ ಟಿ. ವಾಷಿಂಗ್‌ಟನ್ನರು. ಕಟ್ಟಡದಲ್ಲಿ ಸಂಘದ ಕಾರ್ಯಾಲಯಗಳಲ್ಲದೆ ಮೇಲಣ ಅಂತಸ್ತಿನಲ್ಲಿ ದೊಡ್ಡ ಸಭಾಂಗಣವೂ ಇದ್ದಿತು. ಬೇರೆ ಸಭಾಮಂದಿರಗಳಲ್ಲಿ ಸಮಾನವಾದ ಆಸನವು ದೊರೆಯದಿದ್ದ ಜನರಿಗೆ ಇದು ಕೇವಲ ಸಭಾಂಗಣವಲ್ಲ, ಮರ್ಯಾದೆಯ ಸ್ಥಾನವಾಗಿತ್ತೆಂದು ಹೇಳಬೇಕು. ಸುತ್ತಲೂ ಅವರದೇ ಅಂಗಡಿಗಳೂ ಕಾರ್ಯಾಲಯಗಳೂ ಬೆಳೆದು ಒಂಬತ್ತನೆಯ ಬೀದಿಯು ಪ್ರಸಿದ್ಧಿಗೆ ಬಂದಿತು.

1930ರ ಸುಮಾರಿನ ಆರ್ಥಿಕ ಕುಸಿತದಲ್ಲಿ ಸಂಘವು ಮುರಿದುಬಿದ್ದಿತು. ಅನಂತರದ ದಶಕಗಳಲ್ಲಿ ನಗರ ನವೀಕರಣದ ಯೋಜನೆಗಳೂ ಹೊಸ ಹೆದ್ದಾರಿಯೂ ಆ ನೆರೆಹೊರೆಯನ್ನು ಬಹುಮಟ್ಟಿಗೆ ಅಳಿಸಿಹಾಕಿದುವು. ಮಂದಿರವು ಮಾತ್ರ ಪಾಳಾಗಿ ಉಳಿದಿತ್ತು. 1990ರ ದಶಕದಲ್ಲಿ ನಾಗರಿಕರು ಕೂಡಿ ಅದನ್ನು ಕೆಡಹದಂತೆ ಕಾಪಾಡಿದರು. ಸರ್ಕಾರವೂ ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಲು ಒಪ್ಪಿತು. ಜೀರ್ಣೋದ್ಧಾರದ ಕೆಲಸವು ನಡೆಯುತ್ತಿದ್ದಾಗಲೇ, 2005ರ ಮಾರ್ಚಿನಲ್ಲಿ, ಉಳಿಸಿದ್ದೆಲ್ಲವೂ ಸುಟ್ಟುಹೋಯಿತು. ಆದರೂ ಧೃತಿಗೆಡದೆ ಮರಳಿ ಕಟ್ಟಿ, 2008ರ ಸೆಪ್ಟೆಂಬರಿನಲ್ಲಿ ಮೊಸಾಯಿಕ್ ಟೆಂಪ್ಲರರ ಸಂಸ್ಕೃತಿ ಕೇಂದ್ರವೆಂಬ ಹೆಸರಿನಿಂದ ತೆರೆದರು.

ಹೊಸ ಕಟ್ಟಡವನ್ನು ಹಳೆಯದೇ ಎಂದು ಎಣಿಸುವುದು ಸರಿಯಲ್ಲ. ಮೂಲ ಓಲೆಯು ಸುಟ್ಟಮೇಲೆ ಪ್ರತಿಯು ಎಷ್ಟೇ ಶುದ್ಧವಾಗಿದ್ದರೂ ಲಿಪಿಯನ್ನು ಕುರಿತು ಅದು ಸಾಕ್ಷಿ ನುಡಿಯಲಾರದು. ಅಂತೆಯೇ, 1913ರ ಇಟ್ಟಿಗೆಯನ್ನೂ ಗಾರೆಯನ್ನೂ ಕೆಲಸಗಾರನ ಕೈಗುರುತನ್ನೂ ಇನ್ನು ಯಾರೂ ಪರೀಕ್ಷಿಸುವಂತಿಲ್ಲ. ಈ ನಷ್ಟವನ್ನು ನಷ್ಟವೆಂದೇ ಬರೆದಿಡುವುದು ಚರಿತ್ರಕಾರನ ಕರ್ತವ್ಯ. ಆದರೆ ಪ್ರತಿಯು ಕೃತಿಯ ಅರ್ಥವನ್ನು ಉಳಿಸಬಲ್ಲುದೆಂಬುದನ್ನೂ ಮರೆಯಲಾಗದು. ಈ ಮಂದಿರದ ಅರ್ಥವು ಇಟ್ಟಿಗೆಗಿಂತಲೂ ಮಿಗಿಲಾಗಿ ವಂತಿಗೆಯಲ್ಲಿತ್ತು: ಬಡವರು ತಮ್ಮ ಸತ್ತವರ ಮಾನವನ್ನು ತಾವೇ ಕಾಯುವೆವೆಂದು ಕೂಡಿಸಿದ ಹಣದಿಂದ ಅದು ಎದ್ದಿತು. ಆ ಸಂಕಲ್ಪವು ನಡೆದ ಸ್ಥಳವೂ ಅದರ ಆಕಾರವೂ ಹೊಸ ಕಟ್ಟಡದಲ್ಲಿ ಉಳಿದಿವೆ.

ಮೂಲ ಸಾಕ್ಷ್ಯವೂ ಪೂರ್ತಿಯಾಗಿ ಅಳಿದಿಲ್ಲ. ದಕ್ಷಿಣದ ಸಂಸ್ಥಾನಗಳ ಎಷ್ಟೋ ಶ್ಮಶಾನಗಳಲ್ಲಿ ಸಂಘದ ಚಿಹ್ನೆಯನ್ನು ಹೊತ್ತ ಅಮೃತಶಿಲೆಯ ಫಲಕಗಳು ಇಂದಿಗೂ ನಿಂತಿವೆ. ಮಂದಿರವು ಯಾರಿಗಾಗಿ ಕಟ್ಟಲ್ಪಟ್ಟಿತೋ ಅವರ ಹೆಸರುಗಳು ಅಲ್ಲಿವೆ. ಬೆಂಕಿಯು ಮುಟ್ಟದ ಆ ಕಲ್ಲುಗಳನ್ನು ಓದಿ, ಪಟ್ಟಿಮಾಡಿ, ರಕ್ಷಿಸದೆ ಮಂದಿರದ ಪುನರ್ನಿರ್ಮಾಣವು ಸಂಪೂರ್ಣವಾಯಿತೆಂದು ಹೇಳಲು ಬರುವಂತಿಲ್ಲ.