ಕೊಂಬಿನಿಂದ ಗಾಜಿನ ಪಟ್ಟಿಗೆ: ಸಿಂಧನೂರು ಸೀಮೆಯ ಹಿನ್ನೆಲೆಯಲ್ಲಿ ರಕ್ತ ತೆಗೆಯುವ ಸಾಧನಗಳ ಚರಿತ್ರೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತು ನಡೆದ ಅಧ್ಯಯನಗಳು ಗಿಡಮೂಲಿಕೆ, ಮಂತ್ರ, ಸೂಲಗಿತ್ತಿಯರ ಜ್ಞಾನ ಮತ್ತು ನಾಟಿ ಪಶುವೈದ್ಯದ ಕಡೆಗೆ ಹೆಚ್ಚಿನ ಗಮನವನ್ನು ಹರಿಸಿವೆ. ವೈದ್ಯಕ್ಕೆ ಬಳಕೆಯಾದ ಸಾಧನಗಳನ್ನು ಭೌತಿಕ ಸಂಸ್ಕೃತಿಯ ಭಾಗವಾಗಿ ನೋಡುವ ಪ್ರಯತ್ನಗಳು ಅಷ್ಟಾಗಿ ನಡೆದಿಲ್ಲ. ಅದರಲ್ಲಿಯೂ ಮನುಷ್ಯನ ಮೈಯಿಂದ ರಕ್ತವನ್ನು ತೆಗೆಯುವ, ತೆಗೆದುದನ್ನು ಬೇರೆಡೆಗೆ ಸಾಗಿಸುವ ಸಾಧನಗಳು ವೈದ್ಯವಿಜ್ಞಾನದ ಚರಿತ್ರೆಗೆ ಮಾತ್ರ ಸೇರಿದವು ಎಂಬ ಭಾವನೆಯಿದೆ. ಆದರೆ ಸೂಜಿಯ ಇನ್ನೊಂದು ತುದಿಯಲ್ಲಿ ಒಂದು ಬೆರಳು, ಆ ಬೆರಳಿನ ಹಿಂದೆ ಒಂದು ಮನೆ, ಒಂದು ಊರು ಇರುತ್ತವೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ಸ್ವತಂತ್ರ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯನ್ನು ಒಳಗೊಂಡ ಸೀಮೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಈ ಸಾಧನಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊರಹಾಕುವ ರಕ್ತ

ರಕ್ತವನ್ನು ತೆಗೆಯುವ ಕ್ರಮ ಭಾರತಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 13ನೆಯ ಅಧ್ಯಾಯವು ರಕ್ತಮೋಕ್ಷಣಕ್ಕೆ ಮೂರು ಸಾಧನಗಳನ್ನು ಹೇಳುತ್ತದೆ: ಹಸುವಿನ ಕೊಂಬು, ಜಿಗಣೆ ಮತ್ತು ಸೋರೆಬುರುಡೆ. ವಾತದೋಷಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆಬುರುಡೆ ಎಂಬ ವಿಂಗಡಣೆಯೂ ಅಲ್ಲಿದೆ. ಚರ್ಮವನ್ನು ಮೆಲ್ಲಗೆ ಗೀರಿ, ಕೊಂಬಿನ ಅಗಲವಾದ ಬಾಯನ್ನು ಅದರ ಮೇಲಿಟ್ಟು, ಕಿರಿದಾದ ತುದಿಯಿಂದ ಬಾಯಿಯಲ್ಲಿ ಹೀರುವುದು ಒಂದು ವಿಧಾನ. ಬುರುಡೆಯೊಳಗೆ ದೀಪವನ್ನಿರಿಸಿ, ಗಾಳಿ ಬಿಸಿಯಾಗಿ ವಿರಳಗೊಂಡಾಗ ಉಂಟಾಗುವ ಸೆಳೆತದಿಂದ ರಕ್ತವನ್ನು ಎಳೆಯುವುದು ಮತ್ತೊಂದು. ಜಿಗಣೆಗಳಲ್ಲಿ ಹನ್ನೆರಡು ಬಗೆ, ಅವುಗಳಲ್ಲಿ ಆರು ವಿಷಯುಕ್ತ, ಆರು ನಿರ್ವಿಷ ಎಂದು ಗುರುತಿಸಿರುವುದು ದೀರ್ಘಕಾಲದ ಅವಲೋಕನಕ್ಕೆ ಸಾಕ್ಷಿಯಾಗಿದೆ.

ಈ ಗ್ರಂಥದಲ್ಲಿ ಸಾಗಣೆಯ ಪಾತ್ರೆಯ ಪ್ರಸ್ತಾಪವೂ ಇದೆ ಎಂಬುದು ಗಮನಾರ್ಹ. ಹಿಡಿದ ಜಿಗಣೆಗಳನ್ನು ಕೆರೆಯ ನೀರು ಮತ್ತು ಕೆಸರು ತುಂಬಿದ ಹೊಸ ಮಡಕೆಯಲ್ಲಿಡಬೇಕು, ಮೂರು ದಿನಕ್ಕೊಮ್ಮೆ ನೀರನ್ನೂ ಏಳು ದಿನಕ್ಕೊಮ್ಮೆ ಮಡಕೆಯನ್ನೂ ಬದಲಿಸಬೇಕು ಎಂಬ ಸೂಚನೆಯಿದೆ. ಇಲ್ಲಿ ಹೊತ್ತೊಯ್ಯಬೇಕಾದದ್ದು ರಕ್ತವಲ್ಲ, ರಕ್ತವನ್ನು ಹೀರುವ ಜೀವಿ. ಹೀರಿದ ರಕ್ತವನ್ನು ಜಿಗಣೆಯಿಂದ ಕಕ್ಕಿಸಿ ಚೆಲ್ಲಲಾಗುತ್ತಿತ್ತು. ಕೊಂಬಿನ ಕ್ರಮದಲ್ಲಿಯೂ ಹೀಗೆಯೇ. ಹೊರಬಂದದ್ದು 'ಕೆಟ್ಟ ರಕ್ತ'. ಅದು ಮೈಯಿಂದ ಹೋದರೆ ಸಾಕು, ಅದನ್ನು ಇಟ್ಟುಕೊಳ್ಳುವ, ನೋಡುವ, ಎಣಿಸುವ ಪ್ರಶ್ನೆಯೇ ಇರಲಿಲ್ಲ. ಅಂದರೆ ಈ ಪದ್ಧತಿಯಲ್ಲಿ ವೈದ್ಯನೂ ಅವನ ಸಾಧನವೂ ಊರಿಂದ ಊರಿಗೆ ತಿರುಗುತ್ತಿದ್ದರು, ರಕ್ತ ಮಾತ್ರ ರೋಗಿಯಿದ್ದ ಸ್ಥಳದಲ್ಲಿಯೇ ಮಣ್ಣು ಸೇರುತ್ತಿತ್ತು. ಪರಿಹಾರವೂ ಅಲ್ಲಿಯೇ, ಅವನ ಕಣ್ಣೆದುರಿಗೇ ನಡೆಯುತ್ತಿತ್ತು.

ನೋಡುವ ರಕ್ತ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸಂಬಂಧ ತಲೆಕೆಳಗಾಯಿತು. 1880ರಲ್ಲಿ ಅಲ್ಜೀರಿಯದ ಕಾನ್‌ಸ್ಟಾಂಟೀನ್‌ನಲ್ಲಿ ಫ್ರೆಂಚ್ ಸೇನಾವೈದ್ಯ ಅಲ್ಫೋನ್ಸ್ ಲಾವೆರಾನ್ ಚಳಿಜ್ವರದ ರೋಗಿಯ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡನು. 1891ರಲ್ಲಿ ರೊಮನೋವ್‌ಸ್ಕಿ, 1904ರಲ್ಲಿ ಗೀಮ್ಸಾ ರೂಪಿಸಿದ ಬಣ್ಣಗಳಿಂದ ಒಣಗಿದ ರಕ್ತದ ಲೇಪವನ್ನೂ ಓದಲು ಸಾಧ್ಯವಾಯಿತು. ರಕ್ತವು ಚೆಲ್ಲುವ ವಸ್ತುವಾಗಿ ಉಳಿಯದೆ ಓದುವ ದಾಖಲೆಯಾಯಿತು.

ಈ ಬದಲಾವಣೆಯ ಒಂದು ಮುಖ್ಯ ಘಟ್ಟ ನಡೆದದ್ದು ರಾಯಚೂರು ಜಿಲ್ಲೆಯೂ ಸೇರಿದ್ದ ನಿಜಾಮ ಸಂಸ್ಥಾನದಲ್ಲಿಯೇ. ಸಿಕಂದರಾಬಾದಿನ ಬೇಗಂಪೇಟೆಯಲ್ಲಿ ಸೇನಾವೈದ್ಯನಾಗಿದ್ದ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯ ಬೆಳವಣಿಗೆಯನ್ನು ಗುರುತಿಸಿದನು. ಆ ಸೊಳ್ಳೆಗಳು ಹೀರಿದ್ದು ಹುಸೇನ್ ಖಾನ್ ಎಂಬ ರೋಗಿಯ ರಕ್ತವನ್ನು. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಒಂದಾಣೆಯಂತೆ ಹತ್ತು ಸೊಳ್ಳೆಗಳಿಗೆ ಅವನಿಗೆ ಹತ್ತಾಣೆ ದೊರೆಯಿತು. ರಾಸ್‌ಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇಲ್ಲಿ ಸೊಳ್ಳೆಯೇ ರಕ್ತವನ್ನು ತೆಗೆಯುವ ಮತ್ತು ಸಾಗಿಸುವ ಸಾಧನವಾಗಿದ್ದಿತು ಎನ್ನಬಹುದು. ರಕ್ತಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡಬೇಕು ಎಂಬ ಸಂಗತಿಯೂ ಈ ಪ್ರಸಂಗದಲ್ಲಿ ಸ್ಪಷ್ಟವಾಗಿದೆ. ಇದರ ಮಹತ್ವವನ್ನು ಮುಂದೆ ನೋಡಬಹುದು.

ಇದೇ ಕಾಲದಲ್ಲಿ ದ್ರವರೂಪದ ರಕ್ತವನ್ನು ತೆಗೆಯುವ ಸಾಧನಗಳೂ ಸುಧಾರಿಸಿದವು. ಪೂರ್ತಿ ಗಾಜಿನಿಂದ ಮಾಡಿದ ಲೂಯರ್ ಸಿರಿಂಜು 1894ರಲ್ಲಿ ಪ್ಯಾರಿಸ್ಸಿನಲ್ಲಿ ಬಂದಿತು. ಅದನ್ನು ಕುದಿಸಿ ಮತ್ತೆ ಮತ್ತೆ ಬಳಸಬಹುದಾಗಿತ್ತು. ಗಾಳಿ ತೆಗೆದ ಗಾಜಿನ ನಳಿಕೆಗೆ ರಕ್ತವು ತಾನಾಗಿ ಹರಿಯುವ ವ್ಯವಸ್ಥೆಗೆ ಅಮೆರಿಕದ ಜೋಸೆಫ್ ಕ್ಲೈನರ್ 1949ರಲ್ಲಿ ಹಕ್ಕುಪತ್ರ ಪಡೆದನು. ಇಂದು ಪ್ರಯೋಗಾಲಯಗಳಲ್ಲಿ ಕಾಣುವ ಬಣ್ಣದ ಮುಚ್ಚಳದ ನಳಿಕೆಗಳು ಅದರ ಸಂತತಿ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ನವಜಾತ ಶಿಶುಗಳ ರಕ್ತದ ಹನಿಯನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಅಂಚೆಯಲ್ಲಿ ಕಳಿಸುವ ಕ್ರಮವನ್ನು ಬಳಕೆಗೆ ತಂದನು. ಕೊಂಬು ಮತ್ತು ಬುರುಡೆಗಳಲ್ಲಿದ್ದ ಸೆಳೆತದ ತತ್ತ್ವವೇ ಗಾಳಿ ತೆಗೆದ ನಳಿಕೆಯಲ್ಲಿಯೂ ಇದೆ. ಬದಲಾದದ್ದು ರಕ್ತದ ಮುಂದಿನ ಗತಿ.

ಕರ್ನಾಟಕದಲ್ಲಿ ದ್ರವರಕ್ತದ ಸಾಗಣೆಯ ಮಹತ್ವ ಎದ್ದುಕಂಡದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದ ಸುತ್ತ ಮಂಗಗಳು ಸತ್ತು, ಜನರಿಗೆ ವಿಚಿತ್ರ ಜ್ವರ ಬಂದಾಗ, 1952ರಲ್ಲಿ ಸ್ಥಾಪನೆಯಾಗಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗಿಗಳ ಮತ್ತು ಮಂಗಗಳ ಮಾದರಿಗಳಿಂದ ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ಮಲೆನಾಡಿನ ಜನ ಅದನ್ನು 'ಮಂಗನ ಕಾಯಿಲೆ' ಎಂದು ಕರೆದರು. ವೈರಸ್ಸನ್ನು ಜೀವಂತವಾಗಿ ಉಳಿಸಲು ರಕ್ತವನ್ನು ಶೀತದಲ್ಲಿಯೇ ಒಯ್ಯಬೇಕು. ಬಯಲುಸೀಮೆಯ ಮಲೇರಿಯಾಕ್ಕೆ ಈ ಕಷ್ಟ ಇರಲಿಲ್ಲ. ಅಲ್ಲಿ ಒಣಗಿದ ಒಂದು ಹನಿ ಸಾಕಾಗಿತ್ತು.

ಕಾಲುವೆ ಮತ್ತು ಚಳಿಜ್ವರ

ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಿತು. 1953ರಲ್ಲಿ ಕಾಲುವೆಗೆ ನೀರು ಬಂದಿತು. ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನ ಕಡೆಗೆ ಸಾಗುತ್ತದೆ. ಜೋಳ, ಹತ್ತಿಗಳ ಎರೆಭೂಮಿಯಾಗಿದ್ದ ಸಿಂಧನೂರು ಭತ್ತದ ನಾಡಾಯಿತು. ಆಂಧ್ರದಿಂದ ಬಂದ ರೈತರು ನೆಲೆಸಿದ ಹೊಸ ಊರುಗಳಿಗೆ 'ಕ್ಯಾಂಪ್' ಎಂಬ ಹೆಸರೇ ನಿಂತಿತು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ದೊರೆಯಿತು. ಲಿಂಗಸುಗೂರಿನ ಕಡೆಗೆ ಹಟ್ಟಿಯ ಚಿನ್ನದ ಗಣಿಯೂ, ನಂತರ ನಾರಾಯಣಪುರ ಬಲದಂಡೆ ಕಾಲುವೆಯೂ ಜನರ ಚಲನೆಯನ್ನು ಹೆಚ್ಚಿಸಿದವು. ಮಳೆ ಕೈಕೊಟ್ಟ ವರ್ಷ ನೀರಾವರಿಯಿಲ್ಲದ ಹಳ್ಳಿಗಳವರು ಗುಳೆ ಹೋಗುವುದು ವಾಡಿಕೆ.

ಬಯಲು ಪ್ರದೇಶದ ಗ್ರಾಮಗಳಲ್ಲಿ ಮಲೇರಿಯಾವನ್ನು ಮುಖ್ಯವಾಗಿ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಗೆ ಕಾಲುವೆಯ ಸೋರಿಕೆ, ನಿಂತ ನೀರು, ಹೊಸದಾಗಿ ನಾಟಿ ಮಾಡಿದ ಗದ್ದೆಗಳು ಅನುಕೂಲಕರ. ಸೊಳ್ಳೆಗೆ ನೀರು, ಪರಾವಲಂಬಿಗೆ ಊರೂರು ತಿರುಗುವ ಮನುಷ್ಯ ಎರಡೂ ಇಲ್ಲಿ ಒದಗಿದವು. ಕಾಲುವೆಗೆ ನೀರು ಬಂದ 1953ರಲ್ಲಿಯೇ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಆರಂಭವಾಯಿತು ಎಂಬುದು ಕಾಕತಾಳೀಯವಾದರೂ ಈ ಸೀಮೆಯ ಮಟ್ಟಿಗೆ ಅರ್ಥಪೂರ್ಣ. ಸ್ವಾತಂತ್ರ್ಯದ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿದ್ದು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜಿಸಲಾಗಿದೆ. 1958ರಲ್ಲಿ ಕಾರ್ಯಕ್ರಮವು ನಿರ್ಮೂಲನದ ಗುರಿಯನ್ನು ಹೊಂದಿತು. ಡಿಡಿಟಿ ಸಿಂಪಡಣೆಯ ಜೊತೆಗೆ ಮನೆಮನೆಯ ಕಣ್ಗಾವಲು ಸೇರಿಕೊಂಡಿತು.

ಸೂಜಿ, ಪಟ್ಟಿ, ಪೆಟ್ಟಿಗೆ

ಸುಮಾರು ಹತ್ತು ಸಾವಿರ ಜನಸಂಖ್ಯೆಗೆ ಒಬ್ಬ ಕಣ್ಗಾವಲು ಕಾರ್ಯಕರ್ತ, ಅಂಥ ನಾಲ್ವರಿಗೆ ಒಬ್ಬ ಮೇಲ್ವಿಚಾರಕ ಎಂಬುದು ವ್ಯವಸ್ಥೆ. ಕಾರ್ಯಕರ್ತನು ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ, ಯಾರಿಗಾದರೂ ಜ್ವರವಿದೆಯೇ, ಕಳೆದ ಭೇಟಿಯ ನಂತರ ಬಂದಿತ್ತೇ, ಹೊರಗಿನಿಂದ ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸಬೇಕಾಗಿತ್ತು. ಭೇಟಿಯ ದಿನಾಂಕವನ್ನು ಮನೆಯ ಗೋಡೆಯ ಮೇಲೆ ಬರೆಯಲಾಗುತ್ತಿತ್ತು.

ಅವನ ಚೀಲದ ಸಾಧನಗಳು ಸರಳವಾಗಿದ್ದವು: ಹೆಗಡಾರ್ನ್ ಸೂಜಿ, ಸ್ಪಿರಿಟ್, ಹತ್ತಿ, ಮೂರು ಅಂಗುಲ ಉದ್ದ ಒಂದು ಅಂಗುಲ ಅಗಲದ ಗಾಜಿನ ಪಟ್ಟಿಗಳು, ಸೀಸದ ಕಡ್ಡಿ, ಪಟ್ಟಿಗಳನ್ನಿಡುವ ಪೆಟ್ಟಿಗೆ ಮತ್ತು ಕ್ಲೋರೋಕ್ವಿನ್ ಗುಳಿಗೆ. ಎಡಗೈಯ ಬೆರಳಿನ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ ತೆಗೆಯಬೇಕು. ಎಳೆಯ ಕೂಸಾದರೆ ಕಾಲಿನಿಂದ ರಕ್ತ ತೆಗೆಯಬೇಕು. ಪಟ್ಟಿಯ ಒಂದು ಕಡೆ ಕೆಲವು ಹನಿಗಳನ್ನು ಕೂಡಿಸಿದ ದಪ್ಪ ಲೇಪ, ಇನ್ನೊಂದು ಕಡೆ ಮತ್ತೊಂದು ಪಟ್ಟಿಯ ಅಂಚಿನಿಂದ ಎಳೆದ ತೆಳು ಲೇಪ. ದಪ್ಪ ಲೇಪದಲ್ಲಿ ಹೆಚ್ಚು ರಕ್ತವಿರುವುದರಿಂದ ಪರಾವಲಂಬಿ ಇದೆಯೇ ಎಂಬುದು ತಿಳಿಯುತ್ತದೆ. ತೆಳು ಲೇಪದಲ್ಲಿ ಅದು ಯಾವ ಬಗೆಯದು ಎಂಬುದು ತಿಳಿಯುತ್ತದೆ. ಒಣಗಿದ ತೆಳು ಲೇಪದ ಮೇಲೆಯೇ ಸೀಸದ ಕಡ್ಡಿಯಿಂದ ಸಂಖ್ಯೆಯನ್ನು ಬರೆಯಲಾಗುತ್ತಿತ್ತು. ಪ್ರಯೋಗಾಲಯದಲ್ಲಿ ಈ ಪಟ್ಟಿಗಳಿಗೆ ಹಚ್ಚುತ್ತಿದ್ದ ಜೆ.ಎಸ್.ಬಿ. ಬಣ್ಣವು ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ಭಾರತೀಯ ವಿಜ್ಞಾನಿಗಳು ರೂಪಿಸಿದ್ದು.

ಕಾಲ್ನಡಿಗೆ, ಸೈಕಲ್, ಬಸ್ಸುಗಳ ಮೂಲಕ ಸಾಗುತ್ತಿದ್ದ ಈ ಪಟ್ಟಿಗಳಿಗೆ ದಾರಿಯಲ್ಲಿ ಅಪಾಯಗಳಿದ್ದವು. ನೊಣ, ಜಿರಲೆಗಳು ಲೇಪವನ್ನು ತಿಂದುಬಿಡುತ್ತವೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ರಾಯಚೂರಿನ ಬಿಸಿಲಿಗೆ ದಪ್ಪ ಲೇಪವು ಗಾಜಿಗೆ ಗಟ್ಟಿಯಾಗಿ ಹಿಡಿದುಕೊಂಡು, ಬಣ್ಣ ಹಾಕುವಾಗ ಅದರ ಕೆಂಪು ಬಿಡದೆ, ಓದಲು ಬಾರದಂತಾಗುತ್ತದೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಪೆಟ್ಟಿಗೆಯು ಕೇವಲ ಒಂದು ಡಬ್ಬಿಯಾಗಿರಲಿಲ್ಲ. ರಕ್ತವು ದಾಖಲೆಯಾಗಿ ಉಳಿಯುವುದೋ ಕಲೆಯಾಗಿ ಹೋಗುವುದೋ ಎಂಬುದನ್ನು ಅದು ನಿರ್ಧರಿಸುತ್ತಿತ್ತು.

ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಇನ್ನೊಂದು ರೋಗವಾದ ಆನೆಕಾಲು ರೋಗದ ಸಮೀಕ್ಷೆಗೆ ಇದೇ ಸೂಜಿ, ಇದೇ ಪಟ್ಟಿ ಬಳಕೆಯಾದವು. ಆದರೆ ಅದರ ಸೂಕ್ಷ್ಮಹುಳುಗಳು ಹಗಲಿನಲ್ಲಿ ಒಳಗಿನ ರಕ್ತನಾಳಗಳಲ್ಲಿದ್ದು, ರಾತ್ರಿ ಮಾತ್ರ ಮೇಲ್ಮೈಯ ರಕ್ತಕ್ಕೆ ಬರುತ್ತವೆ. ಹೀಗಾಗಿ ಊರು ಮಲಗುವ ಹೊತ್ತಿಗೆ ಬಾಗಿಲು ತಟ್ಟಿ ರಕ್ತ ಕೇಳಬೇಕಾಗುತ್ತಿತ್ತು.

ಕೊಟ್ಟದ್ದು ಮತ್ತು ಪಡೆದದ್ದು

ಕನ್ನಡದ ಆಡುಮಾತಿನಲ್ಲಿ ರಕ್ತವು ಸಂಬಂಧದ, ದುಡಿಮೆಯ, ಶೋಷಣೆಯ ಸಂಕೇತ. ಬಂಧುತ್ವಕ್ಕೆ 'ರಕ್ತಸಂಬಂಧ', ದುಡಿಮೆಗೆ 'ರಕ್ತ ಬಸಿಯುವುದು', ಸುಲಿಗೆಗೆ 'ರಕ್ತ ಹೀರುವುದು' ಎಂಬ ಮಾತುಗಳಿವೆ. ಇಂತಹ ಭಾಷಾಲೋಕದಲ್ಲಿ ಸರಕಾರದ ನೌಕರನೊಬ್ಬ ಬಂದು, ಜ್ವರದಿಂದ ಬಳಲುತ್ತಿರುವವನ ರಕ್ತವನ್ನು ತೆಗೆದುಕೊಂಡು ಹೋಗುವುದು ಸಾಮಾನ್ಯ ಸಂಗತಿಯಲ್ಲ. ಕೊಂಬು ಇಡುವವನು ಕೆಟ್ಟ ರಕ್ತವನ್ನು ತೆಗೆಯುತ್ತಿದ್ದನು. ಇವನು ತೆಗೆಯುವ ರಕ್ತ ಒಳ್ಳೆಯದೋ ಕೆಟ್ಟದೋ ಎಂಬುದು ಕೊಟ್ಟವನಿಗೆ ತಿಳಿಯದು. ಅದು ಎಲ್ಲಿಗೆ ಹೋಗುತ್ತದೆ ಎಂಬುದೂ ಕಾಣದು. ರಕ್ತ ಕೊಟ್ಟರೆ ನಿತ್ರಾಣವಾಗುತ್ತದೆ ಎಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ತನ್ನ ಮೈಯ ಭಾಗವೊಂದು ಮರಳಿ ಬಾರದ ದಾರಿಯಲ್ಲಿ ಹೋಗುವಾಗ ಪ್ರಶ್ನೆ ಕೇಳುವುದು ವಿವೇಕವೂ ಹೌದು.

ಈ ಅಂತರವನ್ನು ತುಂಬಿದ್ದು ಗುಳಿಗೆ. ಫಲಿತಾಂಶಕ್ಕೆ ಕಾಯದೆ, ರಕ್ತ ತೆಗೆದ ಕ್ಷಣದಲ್ಲಿಯೇ ವಯಸ್ಕರಿಗೆ 600 ಮಿಲಿಗ್ರಾಂ ಕ್ಲೋರೋಕ್ವಿನ್ ಕೊಡುವುದು ನಿಯಮವಾಗಿತ್ತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಸಂಭಾವ್ಯ ಚಿಕಿತ್ಸೆ. ಜಾನಪದದ ದೃಷ್ಟಿಯಿಂದ ನೋಡಿದರೆ ಇದು ಕೊಡುಕೊಳ್ಳುವಿಕೆ. ಹುಸೇನ್ ಖಾನನ ಹತ್ತಾಣೆಯ ಸ್ಥಾನದಲ್ಲಿ ಇಲ್ಲಿ ಗುಳಿಗೆ ಇದ್ದಿತು. ಕೈಯಿಂದ ಒಂದು ಹನಿ ಹೋಯಿತು, ಕೈಗೆ ಔಷಧ ಬಂದಿತು; ಪರಿಹಾರವು ಕಣ್ಣೆದುರಿಗೇ ಇರಬೇಕೆಂಬ ಹಳೆಯ ನಿರೀಕ್ಷೆ ಒಂದಿಷ್ಟು ಈಡೇರಿತು.

ಆದರೆ ಪೂರ್ಣ ಚಿಕಿತ್ಸೆಗೆ ಫಲಿತಾಂಶ ಬೇಕಿತ್ತು. 1965ರ ಹೊತ್ತಿಗೆ ದೇಶದಲ್ಲಿ ಒಂದು ಲಕ್ಷದಷ್ಟಕ್ಕೆ ಇಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೆ ಏರಿದವು. ಸೊಳ್ಳೆಗಳು ಕೀಟನಾಶಕಕ್ಕೆ ಒಗ್ಗಿಕೊಂಡದ್ದು, ಸಿಂಪಡಣೆಯ ಕೊರತೆ ಮುಂತಾದ ಕಾರಣಗಳ ಜೊತೆಗೆ, ಪ್ರಯೋಗಾಲಯಗಳಲ್ಲಿ ಪರೀಕ್ಷೆಯಾಗದೆ ಪಟ್ಟಿಗಳು ರಾಶಿ ಬಿದ್ದದ್ದೂ ಒಂದು ಕಾರಣವೆಂದು ಗುರುತಿಸಲಾಗಿದೆ. ವರ್ಷಕ್ಕೆ ಜನಸಂಖ್ಯೆಯ ಶೇಕಡಾ 10ರಷ್ಟು ಜನರ ರಕ್ತವನ್ನಾದರೂ ಪರೀಕ್ಷಿಸಬೇಕೆಂಬ ಗುರಿಯು ತೆಗೆದ ಪಟ್ಟಿಗಳನ್ನು ಎಣಿಸಿತು. ಫಲಿತಾಂಶ ಎಷ್ಟು ದಿನಕ್ಕೆ ಮನೆಗೆ ಮರಳಿತು ಎಂಬುದು ಆ ಎಣಿಕೆಯೊಳಗೆ ಬರಲಿಲ್ಲ. ರಕ್ತ ಪ್ರಯಾಣ ಮಾಡಿತು, ಆದರೆ ಅದರ ಸುದ್ದಿ ಹಿಂದಿರುಗಲು ತಡವಾಯಿತು.

ಸಮಾರೋಪ

1977ರಲ್ಲಿ ಕಾರ್ಯಕ್ರಮವು ಪರಿಷ್ಕೃತಗೊಂಡಿತು. ಏಡ್ಸ್ ಮತ್ತು ಕಾಮಾಲೆಯ ಅರಿವು ಹೆಚ್ಚಿದ ಮೇಲೆ, ಒರೆಸಿ ಮತ್ತೆ ಬಳಸುವ ಸೂಜಿಯ ಸ್ಥಾನಕ್ಕೆ ಒಮ್ಮೆ ಬಳಸಿ ಎಸೆಯುವ ಚುಚ್ಚುಮೊನೆ ಬಂದಿತು. ಇತ್ತೀಚಿನ ದಶಕಗಳಲ್ಲಿ ಬಂದ ಶೀಘ್ರ ಪರೀಕ್ಷಾ ಪಟ್ಟಿಯು ಕೆಲವೇ ನಿಮಿಷಗಳಲ್ಲಿ ಫಲಿತಾಂಶವನ್ನು ಮನೆಯ ಹೊಸ್ತಿಲಲ್ಲಿಯೇ ತೋರಿಸುತ್ತದೆ. ಆಶಾ ಕಾರ್ಯಕರ್ತೆಯು ಊರಿನವಳೇ ಆಗಿರುವುದರಿಂದ ರಕ್ತ ಕೇಳುವವಳು ಅಪರಿಚಿತಳಲ್ಲ. ಒಂದು ಅರ್ಥದಲ್ಲಿ ರಕ್ತವು ಮತ್ತೆ ರೋಗಿಯಿದ್ದ ಸ್ಥಳದಲ್ಲಿಯೇ ಉಳಿಯತೊಡಗಿದೆ, ಚೆಲ್ಲುವುದಕ್ಕಲ್ಲ, ತಿಳಿಯುವುದಕ್ಕೆ.

ಈ ಬದಲಾವಣೆಯ ನಡುವೆ ಹೆಗಡಾರ್ನ್ ಸೂಜಿ, ಪಟ್ಟಿಯ ಪೆಟ್ಟಿಗೆ, ಗೋಡೆಯ ಮೇಲಿನ ದಿನಾಂಕಗಳು ಮರೆಯಾಗುತ್ತಿವೆ. ಸುಣ್ಣ ಬಳಿದಂತೆಲ್ಲ ಗೋಡೆಯ ಬರಹಗಳು ಅಳಿಯುತ್ತವೆ. ಬೀಸುವ ಕಲ್ಲು, ಕೂರಿಗೆ, ಕೊಂಬುಗಳಿಗೆ ನಮ್ಮ ಜಾನಪದ ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನವಿದೆ. ಲಕ್ಷಾಂತರ ಬೆರಳುಗಳನ್ನು ಮುಟ್ಟಿದ ಸೂಜಿಗೂ, ಅದನ್ನು ಹೊತ್ತು ಎರೆಮಣ್ಣಿನ ದಾರಿಯಲ್ಲಿ ನಡೆದ ಕಾರ್ಯಕರ್ತನ ಚೀಲಕ್ಕೂ ಆ ಸಾಲಿನಲ್ಲಿ ಸ್ಥಾನ ಸಿಗಬೇಕಾಗಿದೆ. ಆ ಕೆಲಸ ಮಾಡಿದವರೂ, ಬೆರಳು ಕೊಟ್ಟವರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನು ದಾಖಲಿಸದೆ ಹೋದರೆ ಈ ಚರಿತ್ರೆಯಲ್ಲಿ ಸಂಖ್ಯೆಗಳು ಮಾತ್ರ ಉಳಿಯುತ್ತವೆ, ಮನುಷ್ಯರು ಉಳಿಯುವುದಿಲ್ಲ.