ಅಂಗವಿಕಲರ ಮಾಸಾಶನ ತಪ್ಪಿದರೆ ತಾಲೂಕು ನ್ಯಾಯಾಲಯದಲ್ಲೇ ಉಚಿತ ವಕೀಲರು

ಹಾವೇರಿ: ಮಾಸಾಶನದ ಅರ್ಜಿ ತಿರಸ್ಕೃತವಾದಾಗ ಅಥವಾ ಬರುತ್ತಿದ್ದ ಹಣ ಏಕಾಏಕಿ ನಿಂತಾಗ ಅಂಗವಿಕಲರು ವಕೀಲರಿಗಾಗಿ ಸಾಲ ಮಾಡಬೇಕಿಲ್ಲ, ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗಿಯೂ ಇಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರ ಹಾಗೂ ಹಿರೇಕೆರೂರ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿಗಳಿದ್ದು, ಅಲ್ಲಿನ ಹಿರಿಯ ನ್ಯಾಯಾಧೀಶರೇ ಅವುಗಳ ಅಧ್ಯಕ್ಷರಾಗಿರುತ್ತಾರೆ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೇ ಕಲಮಿನಂತೆ ಅಂಗವಿಕಲರಿಗೆ ಉಚಿತ ಕಾನೂನು ನೆರವು ನೀಡಲು ಆದಾಯದ ಮಿತಿ ಇಲ್ಲ. ಮಾಸಾಶನ ಮಂಜೂರಾತಿಗೆ ಆದಾಯದ ಮಿತಿ ಇದೆ. ಆ ಮಾಸಾಶನಕ್ಕಾಗಿ ಹೋರಾಡಲು ದೊರೆಯುವ ವಕೀಲರಿಗೆ ಅಂಥ ಮಿತಿ ಇಲ್ಲ. ಈ ಎರಡನ್ನು ಒಂದೇ ಎಂದು ತಿಳಿದು ‘ಹೊಲ ಇದೆ, ನಮಗೆ ಸಿಗುವುದಿಲ್ಲ’ ಎಂದು ಹಿಂದೆ ಸರಿಯುವುದು ಸರಿಯಲ್ಲ.

ಅರ್ಜಿಯನ್ನು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೂ ಸಾಕು. ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿದ್ದನ್ನು ದಾಖಲಿಸಿಕೊಂಡು ಹೆಬ್ಬೆಟ್ಟಿನ ಗುರುತು ಪಡೆಯಲಾಗುತ್ತದೆ. ಅರ್ಜಿಯ ಕುರಿತು 7 ದಿನಗಳೊಳಗೆ ನಿರ್ಧಾರವಾಗಬೇಕೆಂಬುದು ನಿಯಮ. ಸಮಿತಿ ನೇಮಿಸಿದ ವಕೀಲರು ಕಕ್ಷಿದಾರರಿಂದ ಶುಲ್ಕ ಪಡೆಯುವಂತಿಲ್ಲ. ಕೇಳಿದರೆ ಸಮಿತಿಗೇ ದೂರು ನೀಡಬಹುದು. ಮನೆಯಿಂದ ಹೊರಬರಲಾಗದವರಿಗೆ 15100 ಸಹಾಯವಾಣಿ ಇದೆ.

ಹಿಂಬರಹ ಕೇಳಿ ಪಡೆಯಿರಿ

ವಕೀಲರು ಮೊದಲು ಕೇಳುವುದು ಕಾಗದವನ್ನು. ‘ನಿಮಗೆ ಬರುವುದಿಲ್ಲ, ಹೋಗಿರಿ’ ಎಂಬ ಬಾಯಿಮಾತಿನ ಉತ್ತರದ ಮೇಲೆ ಮೇಲ್ಮನವಿ ಹೂಡುವುದು ಕಷ್ಟ. ಆದ್ದರಿಂದ ಅಕ್ಕಿಆಲೂರು, ಬಂಕಾಪುರ, ಹಂಸಭಾವಿ ಮುಂತಾದೆಡೆಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ದಿನವೇ ‘ಸಕಾಲ’ ಯೋಜನೆಯ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪಡೆಯಬೇಕು. ಅರ್ಜಿ ತಿರಸ್ಕೃತವಾದರೆ ಕಾರಣ ನಮೂದಿಸಿದ ಹಿಂಬರಹವನ್ನು ಕೇಳಿ ಪಡೆಯಬೇಕು. ಅರ್ಜಿ ತಿರಸ್ಕೃತವಾದ ಅಥವಾ ಗಡುವು ಮೀರಿದ ದಿನದಿಂದ 30 ದಿನಗಳೊಳಗೆ ಸಕಾಲ ಕಾಯ್ದೆಯಡಿ ಮೇಲ್ಮನವಿಗೆ ಅವಕಾಶವಿದೆ. ತಹಶೀಲ್ದಾರರ ಮೇಲಿನ ಅಧಿಕಾರಿ ಉಪವಿಭಾಗಾಧಿಕಾರಿ. ಜಿಲ್ಲೆಯಲ್ಲಿ ಅವರ ಕಚೇರಿಗಳು ಹಾವೇರಿ ಮತ್ತು ಸವಣೂರಿನಲ್ಲಿವೆ. ಈ 30 ದಿನಗಳನ್ನು ಕಳೆದುಕೊಂಡ ಮೇಲೆ ವಕೀಲರ ಬಳಿ ಬಂದರೆ ಕೆಲಸ ಇಮ್ಮಡಿಯಾಗುತ್ತದೆ.

ತಕರಾರು ವೈದ್ಯಕೀಯ ಪ್ರಮಾಣಪತ್ರದ್ದಾದರೆ ದಾರಿ ಬೇರೆ. ಮಾಸಾಶನಕ್ಕೆ ಕನಿಷ್ಠ ಶೇ. 40ರಷ್ಟು ಅಂಗವಿಕಲತೆ ಇರಬೇಕು, ಶೇ. 75 ದಾಟಿದವರಿಗೆ ಮೊತ್ತ ಹೆಚ್ಚು. ಶೇ. 38 ಎಂದು ಬರೆದ ಒಂದು ಅಂಕಿ ಜೀವನಾಧಾರವನ್ನೇ ತಪ್ಪಿಸಬಲ್ಲದು. ಇಂಥ ಪ್ರಕರಣದಲ್ಲಿ ತಹಶೀಲ್ದಾರರ ಮುಂದೆ ವಾದಿಸಿ ಫಲವಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 59ನೇ ಕಲಮಿನಡಿ ಪ್ರಮಾಣಪತ್ರದ ನಿರ್ಧಾರದ ವಿರುದ್ಧವೇ ಮೇಲ್ಮನವಿ ಸಲ್ಲಿಸಬೇಕು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಈ ಅಧಿನಿಯಮವು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಗಳು ಮಾತ್ರ ಇದ್ದವು. ಹಿಂದೆ ಅನರ್ಹರೆನಿಸಿದ್ದ ಕುಡಗೋಲು ಕಣ ರಕ್ತಹೀನತೆ, ಥಲಸ್ಸೇಮಿಯಾ ಪೀಡಿತರು ಈಗ ಹೊಸದಾಗಿ ಪರೀಕ್ಷೆ ಕೋರಬಹುದು.

ನಿಂತುಹೋದ ಮಾಸಾಶನವೆಲ್ಲ ವ್ಯಾಜ್ಯವಲ್ಲ. ಆಧಾರ್ ಜೋಡಣೆ ತಪ್ಪಿ ಅಥವಾ ಖಾತೆ ನಿಷ್ಕ್ರಿಯಗೊಂಡು ಹಣ ಬಾರದಿದ್ದರೆ ಮೊದಲು ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗಬಲ್ಲರು.

ಸ್ಥಳೀಯವಾಗಿ ಪರಿಹಾರ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ವಿಚಾರಣೆಯಲ್ಲಿ ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಅವರು ನೀಡುವುದು ಶಿಫಾರಸು ಮಾತ್ರ. ಆದರೆ ಸಂಬಂಧಿಸಿದ ಕಚೇರಿ 3 ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು.

ಕೊನೆಯದಾಗಿ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ. ಇದಕ್ಕೆ ಹಿಂದೆ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅಲ್ಲಿಯೂ ಉಚಿತ ವಕೀಲರ ನೆರವು ಸಿಗುತ್ತದೆ. ತಾಲೂಕು ಸಮಿತಿಯಲ್ಲಿಯೇ ಇದಕ್ಕಾಗಿ ಕೋರಿಕೆ ಸಲ್ಲಿಸಬಹುದು.