ಶೇ. 150 ತಪ್ಪು, ಮತ್ತು ಅಮೋನಿಯಾ

ಪಿಯುಸಿ ಲ್ಯಾಬಲ್ಲಿ ಉತ್ತರ ಸರಿಬರದಿದ್ರೆ ರೀಡಿಂಗನ್ನೇ ತಿದ್ದುತ್ತಿದ್ವಿ, ನೆನಪಿದೆಯಾ? ನಾನೂ ತಿದ್ದಿದೀನಿ. ಇವತ್ತು, ತಿದ್ದದೆ ಮತ್ತೆ ಅಳೆದವರ ಕಥೆ.

1905ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಅಮೋನಿಯಾ ಸಮತೋಲನದ ಅಳತೆ ಪ್ರಕಟಿಸಿದರು. ಸುಮಾರು 1000 ಡಿಗ್ರಿ ಸೆಲ್ಸಿಯಸ್, ಸಾಮಾನ್ಯ ಒತ್ತಡದಲ್ಲಿ ಬಂದ ಉತ್ತರಗಳು ಶೇ. 0.005ರಿಂದ 0.012ರವರೆಗೆ ಚದುರಿದ್ದವು; ಅವರು ನಂಬಿದ್ದು ದೊಡ್ಡದನ್ನ. ವಾಲ್ಟರ್ ನೆರ್ನ್‌ಸ್ಟ್ ತಮ್ಮ ಉಷ್ಣ ಪ್ರಮೇಯದಿಂದ ಲೆಕ್ಕ ಹಾಕಿ, ಇದು ತೀರಾ ಹೆಚ್ಚು ಅಂದರು. ಹೇಬರ್ ಮತ್ತು ರಾಬರ್ಟ್ ಲೆ ರೊಸಿನ್ಯೋಲ್ ಮತ್ತೆ ಅಳೆದರು: 0.0048. ಲೆಕ್ಕ ನೋಡಿ, (0.012 − 0.0048) ÷ 0.0048, ಅಂದ್ರೆ ಶೇ. 150 ತಪ್ಪು!

ಆದರೂ 1907ರ ಹ್ಯಾಂಬರ್ಗ್ ಸಭೆಯಲ್ಲಿ ನೆರ್ನ್‌ಸ್ಟ್ ಎಲ್ಲರೆದುರೇ ಇದನ್ನೂ ಒಪ್ಪಲಿಲ್ಲ. ಅವಮಾನವಾದರೂ ಹೇಬರ್ ಕೈಬಿಡಲಿಲ್ಲ. ಅನಿಲ ಇಷ್ಟು ಕಡಿಮೆಯಿದ್ರೆ ಸಣ್ಣ ಎಡವಟ್ಟೂ ಉತ್ತರ ಕೆಡಿಸುತ್ತೆ. ಒತ್ತಡ ಏರಿಸಿದ್ರೆ ಅಮೋನಿಯಾ ಹೆಚ್ಚುತ್ತೆ, ತಪ್ಪಿನ ಪಾಲು ಇಳಿಯುತ್ತೆ. 30 ವಾಯುಭಾರದಲ್ಲಿ ಅಳೆದಾಗ ಅವರ ಹೊಸ ಅಂಕಿ ಗಟ್ಟಿಯಾಯ್ತು.

ಅದೇ ಒತ್ತಡದ ದಾರಿಯಲ್ಲಿ ಮುಂದೆ ಹೋಗಿ, 1909ರ ಜುಲೈನಲ್ಲಿ ಅವರ ಯಂತ್ರದಿಂದ ದ್ರವ ಅಮೋನಿಯಾ ತೊಟ್ಟಿಕ್ಕಿತು. ಅದರಿಂದ ಗೊಬ್ಬರ ಬಂತು, ಯುದ್ಧಕ್ಕೆ ಸಿಡಿಮದ್ದೂ ಬಂತು.

ನಾನು ತಿದ್ದಿದ ರೀಡಿಂಗ್‌ನಿಂದ ಬಂದಿದ್ದು ಮಾರ್ಕ್ಸ್ ಮಾತ್ರ.